ಚುಕ್ಕಿಯ ಗುಣ

ಭಂಕೂರ
14 ಜೂನ್ 1966

ಸಾಬಮ್ಮನ ಅವ್ವನಿಗೆ,

ನಿನ್ನನ್ನು ಗುಡ್ಡದ ದವಾಖಾನೆಯಲ್ಲಿ ಬಿಟ್ಟು ಬಂದು ಇವತ್ತಿಗೆ ಆರು ದಿನ. ತಾಂಡೂರಿನಿಂದ ವಾಡಿಯವರೆಗೆ ರೈಲಿನಲ್ಲಿ ನಿಂತೇ ಬಂದೆ. ಕೂಡಲು ಜಾಗ ಇತ್ತು, ಕೂಡಬೇಕೆನಿಸಲಿಲ್ಲ. ಮನೆ ಮುಟ್ಟಿದಾಗ ಸಾಬಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನೋಡಿದಳು. ಯಾರೂ ಇಲ್ಲವೆಂದು ಗೊತ್ತಾದ ಮೇಲೆ ಎದ್ದು ಒಳಗೆ ಹೋದಳು.

ನಾನು ಖಣಿಗೆ ಹೋದಾಗ ಪಕ್ಕದ ಮನೆಯ ಇಮಾಮ್‌ಬೀ ಅವಳನ್ನು ನೋಡಿಕೊಳ್ಳುತ್ತಾಳೆ. ಊಟ ಮಾಡುತ್ತಾಳೆ. ಅದರ ಬಗ್ಗೆ ಚಿಂತೆ ಬೇಡ. ಚಿಂತೆ ಇರುವುದು ಚುಕ್ಕಿಯದು.

ಗಂಗಿಯದೇನೂ ತಕರಾರಿಲ್ಲ. ಯಾರು ತಂಬಿಗೆ ಹಿಡಿದು ಕೂತರೂ ಅದೇ ಹಾಲು, ಅದೇ ಮೆಲುಕು. ನೀನು ಹೋದದ್ದು ಆ ಮುದಿ ಎಮ್ಮೆಗೆ ಗೊತ್ತಾಗಿದೆಯೋ ಇಲ್ಲವೋ ಎಂದೇ ನನಗೆ ಅನುಮಾನ. ಚುಕ್ಕಿ ಮಾತ್ರ ಆರು ದಿನದಿಂದ ಹಾಲು ಏರಿಸಿಕೊಂಡು ನಿಂತಿದ್ದಾಳೆ. ಕೆಚ್ಚಲು ಬಿಗಿದು ಕಲ್ಲಾಗಿದೆ. ಮುಟ್ಟಿದರೆ ಒದೆಯುತ್ತಾಳೆ. ಇಮಾಮ್‌ಬೀ ಕೂತಳು, ಆಕೆಯ ಸೊಸೆ ಕೂತಳು, ನಾನು ಹಿಂಡಿ ಇಟ್ಟು ಬೆನ್ನು ತಿಕ್ಕಿ ಕೂತೆ. ನಾಲ್ಕು ಹನಿ ಬಂದರೆ ಹೆಚ್ಚು. ಕತ್ತು ಬಾಗಿಲ ಕಡೆ ಹೊರಳಿಸಿ ನಿಂತುಬಿಡುತ್ತಾಳೆ. ದನದ ದವಾಖಾನೆಯ ಕಂಪೌಂಡರ್ ಬಂದು ನೋಡಿ, ‘ಹಿಂಗೇ ಬಿಟ್ರ ಕೆಚ್ಚಲ ಕೀವಾಗ್ತದ, ಎಮ್ಮಿ ಉಳಿಯಾಂಗಿಲ್ಲ’ ಅಂದ.

ತಾಯಿ ಮಗಳು ಒಂದೇ ಕೊಟ್ಟಿಗೆಯಲ್ಲಿ ಇದ್ದಾರೆ. ಒಂದೇ ಕಣಕಿ ತಿನ್ನುತ್ತಾರೆ. ಒಬ್ಬಳಿಗೆ ಜಗತ್ತೆಲ್ಲ ತನ್ನದು, ಇನ್ನೊಬ್ಬಳಿಗೆ ನೀನೊಬ್ಬಳೇ. ಹೀಗೇಕೆ ಎಂದು ನನಗೆ ತಿಳಿಯದು. ನೀನು ಅವಳ ಹತ್ತಿರ ಕೂತು ಏನು ಮಾಡುತ್ತಿದ್ದೆ, ಏನು ಹೇಳುತ್ತಿದ್ದೆ, ಅದನ್ನಷ್ಟು ಬರೆ. ಔಷಧ ತಪ್ಪಿಸಬೇಡ.

ದೇವಿಂದ್ರಪ್ಪ


ಗುಡ್ಡದ ದವಾಖಾನೆ, ಹೆಣ್ಣುಮಕ್ಕಳ ವಾರ್ಡು
21 ಜೂನ್ 1966

ಸಾಬಮ್ಮನ ಅಪ್ಪನವರಿಗೆ ಶಿವಕಾಂತಮ್ಮನ ಶರಣು.

ಪತ್ರ ಬಂತು. ನನ್ನದು ಕಿಟಕಿಯ ಪಕ್ಕದ ಮಂಚ. ದಿನಾ ಬೆಳಗ್ಗೆ ಸೂಜಿ ಚುಚ್ಚುತ್ತಾರೆ, ಆಮೇಲೆ ಗುಳಿಗೆ. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ಅದು ಇರಲಿ.

ಚುಕ್ಕಿಯ ಹತ್ತಿರ ನಾನು ಏನೂ ಹೇಳುತ್ತಿರಲಿಲ್ಲ. ಎಡಕ್ಕೆ ಕೂತು, ಹಣೆಯನ್ನು ಅವಳ ಪಕ್ಕೆಗೆ ಹಚ್ಚಿ, ಅವಳು ಒಂದು ದೊಡ್ಡ ಉಸಿರು ಬಿಡುವ ತನಕ ಸುಮ್ಮನಿರುತ್ತಿದ್ದೆ. ಉಸಿರು ಬಿಟ್ಟಳೆಂದರೆ ಹಾಲೂ ಬಿಟ್ಟಳು. ನೀವು ಖಣಿಯ ಧೂಳಿನ ಮೈಯಲ್ಲೇ ಹೋಗಿ ಕೂಡಬೇಡಿ. ಸ್ನಾನ ಮಾಡಿ ಹೋಗಿ.

ನಾನೇ ಕೈಯಾರೆ ಹಾಲು ಕುಡಿಸಿ ಬೆಳೆಸಿದ್ದಕ್ಕೆ ಅವಳು ಹೀಗಾದಳು ಎಂದು ನೀವು ಮುಂಚೆಯೂ ಅಂದಿದ್ದಿರಿ. ಆದರೆ ಅವಳಿಗಿಂತ ಮೊದಲಿನ ಕರುವನ್ನೂ ನಾನು ಹಾಗೆಯೇ ಬೆಳೆಸಿದ್ದೆ. ಗಂಗಿಗೆ ಎರಡು ಸಲವೂ ಕೆಚ್ಚಲು ಬಾವು ಬಂದಿತ್ತು, ನೆನಪಿರಬೇಕು. ಆ ಕರುವನ್ನು ಸೇಡಂ ಸಂತೆಯಲ್ಲಿ ಕೊಟ್ಟ ದಿನ ಅದು ಹೊಸಬನ ಹಿಂದೆ ಬಾಲ ಬೀಸುತ್ತ ಹೋಯಿತು. ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಅತ್ತೆ, ಅದು ಅಳಲಿಲ್ಲ. ಚುಕ್ಕಿಯಾದರೋ ನಾನು ಎರಡು ದಿನ ಕೋಡ್ಲಾದ ತವರಿಗೆ ಹೋಗಿ ಬಂದರೆ ಎರಡು ದಿನ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ನನ್ನ ಕೈ ಎರಡಕ್ಕೂ ಒಂದೇ ಆಗಿತ್ತು.

ಇಲ್ಲಿಯೂ ಹಾಗೆಯೇ ಇದೆ. ಎಲ್ಲರಿಗೂ ಒಂದೇ ಕ್ಷಯದ ಬೇನೆ, ಒಂದೇ ಗುಳಿಗೆ. ಎದುರಿನ ಮಂಚದ ತೆಲುಗಿನ ಹುಡುಗಿ ದಿನವೆಲ್ಲ ಹಾಡುತ್ತಾಳೆ, ಅವಳ ಪಕ್ಕದವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಯಾಕೆ ಹೀಗೆ ಎಂದು ಡಾಕ್ಟರನ್ನು ಕೇಳಿದೆ. ನಕ್ಕು ಮುಂದಿನ ಮಂಚಕ್ಕೆ ಹೋದರು.

ಒಂದು ಉಪಾಯ ಇದೆ. ನೀವು ನಗಬಾರದು. ಹಾಲು ಕರೆಯುವಾಗ ಉಡುತ್ತಿದ್ದ ನನ್ನ ಹಸಿರು ಸೀರೆ ಕೊಟ್ಟಿಗೆಯ ಗೂಟಕ್ಕೇ ಇದೆ, ಅದೊಂದನ್ನು ಒಗೆದಿಲ್ಲ. ಅದನ್ನು ಉಟ್ಟು, ತಲೆ ಮೇಲೆ ಸೆರಗು ಹೊದ್ದು ಕೂತು ನೋಡಿ. ಒಂದು ವಾರ ಸಾಕು. ಆಮೇಲೆ ಕುದಿಯುವ ನೀರಿಗೆ ಹಾಕಿರಿ. ಸಾಬಮ್ಮ ಮುಟ್ಟದ ಹಾಗೆ ನೋಡಿಕೊಳ್ಳಿ.

ಬರುವಾಗ ನಾನು ಆ ಕೂಸಿಗೆ ‘ಕೋಡ್ಲಾಕ ಹೋಗಿ ನಾಳೆ ಬರ್ತೀನಿ’ ಅಂದು ಬಂದೆ. ಅವಳು ನಾಳೆ ಎಂದರೆ ಯಾವತ್ತು ಎಂದು ಕೇಳಿದರೆ ಏನು ಹೇಳುತ್ತೀರಿ?

ನಿಮ್ಮ
ಶಿವಕಾಂತಮ್ಮ


ಭಂಕೂರ
3 ಜುಲೈ 1966

ಸಾಬಮ್ಮನ ಅವ್ವನಿಗೆ,

ನೀನು ಹೇಳಿದ ಹಾಗೆ ಮಾಡಿದೆ. ಹಾಲು ಬಿಟ್ಟಳು. ಈಗ ಏನೂ ತೊಂದರೆ ಇಲ್ಲ. ಸಾಬಮ್ಮ ಆರಾಮ ಇದ್ದಾಳೆ.

ಬರುವ ಭಾನುವಾರ ನೋಡಲು ಬರುತ್ತೇನೆ ಅಂದಿದ್ದೆ, ಆಗುವುದಿಲ್ಲ. ಮಳೆ ಹಿಡಿದು ಖಣಿಯಲ್ಲಿ ನೀರು ನಿಂತಿದೆ, ನೀರು ಹೊಡೆಯುವ ಕೆಲಸ ಇದೆ. ನೀನು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಡಾಕ್ಟರು ನನಗೆ ಅದೊಂದೇ ಮಾತು ಹೇಳಿದ್ದು.

ದೇವಿಂದ್ರಪ್ಪ


ಗುಡ್ಡದ ದವಾಖಾನೆ
16 ಜುಲೈ 1966

ಸಾಬಮ್ಮನ ಅಪ್ಪನವರಿಗೆ ಶರಣು.

ನಿಮ್ಮ ಕಾರ್ಡನ್ನು ಓದಿ ಹೇಳಿದಾಗ ವಾರ್ಡಿನ ಹೆಂಗಸರೆಲ್ಲ ನಕ್ಕು ನಕ್ಕು ಕೆಮ್ಮಿದರು. ಹಾಡುವ ಹುಡುಗಿ ಎದ್ದು ನಿಂತು, ದುಪ್ಪಟಿ ಸುತ್ತಿಕೊಂಡು, ಮೀಸೆ ತಿರುವುತ್ತ ಹಾಲು ಕರೆಯುವ ಹಾಗೆ ಮಾಡಿ ತೋರಿಸಿದಳು. ಗೋಡೆಗೆ ಮುಖ ಮಾಡಿದವಳೂ ತಿರುಗಿ ನೋಡಿದಳು. ನರ್ಸಮ್ಮ ಬೈದಳು.

ಆದರೆ ನೀವು ಬರೆದದ್ದು ಮೂರೇ ಸಾಲು. ಚುಕ್ಕಿ ಮೊದಲು ಸೀರೆ ಮೂಸಿದಳೋ, ಉಸಿರು ಬಿಟ್ಟಳೋ, ಎಷ್ಟು ಹೊತ್ತು ಹಿಡಿಯಿತು? ನನ್ನ, ಚುಕ್ಕಿಯ ಗುಟ್ಟು ಇಷ್ಟು ದಿನ ನಿಮ್ಮಿಂದ ದೂರ ಇತ್ತು, ಈಗ ನೀವೂ ಸೇರಿದಿರಿ. ಎಲ್ಲ ಬಿಡಿಸಿ ಬರೆಯಿರಿ. ಗುಳಿಗೆ ಬಾಯಿಗೆ ಹಾಕಿಕೊಳ್ಳಲಾರದ ದಿನ, ಅವಳು ಕತ್ತು ಹೊರಳಿಸಿ ಬಾಗಿಲು ನೋಡುತ್ತ ನಿಂತದ್ದನ್ನು ನೆನೆಸಿಕೊಂಡು ನುಂಗುತ್ತೇನೆ.

ಸಾಬಮ್ಮನ ಕೈಗೆ ಅರಿಶಿನ ಹಚ್ಚಿ ಕಾಗದದ ಮೇಲೆ ಒತ್ತಿಸಿ ಕಳಿಸಿರಿ. ಬೆರಳು ಎಷ್ಟು ಉದ್ದ ಆಗಿವೆ ನೋಡಬೇಕು.

ನಿಮ್ಮ
ಶಿವಕಾಂತಮ್ಮ


ಭಂಕೂರ
9 ಆಗಸ್ಟ್ 1966

ಸಾಬಮ್ಮನ ಅವ್ವನಿಗೆ,

ಕೈಯಚ್ಚು ಇದರ ಜೊತೆಗೆ ಇದೆ. ಎಡಗೈಯದು. ಬಲಗೈಗೆ ಬೆಲ್ಲ ಮೆತ್ತಿಕೊಂಡು ಕೂತಿದ್ದಳು.

ಚುಕ್ಕಿ ಮೊದಲು ಸೀರೆ ಮೂಸಿದಳು. ಆಮೇಲೆ ಉಸಿರು ಬಿಟ್ಟಳು. ಬಿಡಿಸಿ ಬರೆ ಎಂದರೆ ನನಗೆ ಬರೆಯಲು ಬರುವುದಿಲ್ಲ, ನಿನಗೆ ಗೊತ್ತಿದೆ. ಕಲ್ಲು ಸೀಳುವವನ ಕೈ.

ಈ ತಿಂಗಳೂ ಬರಲಾಗುವುದಿಲ್ಲ.

ದೇವಿಂದ್ರಪ್ಪ


ಗುಡ್ಡದ ದವಾಖಾನೆ
2 ನವೆಂಬರ್ 1966

ಸಾಬಮ್ಮನ ಅಪ್ಪನವರಿಗೆ,

ಕಫದ ಪರೀಕ್ಷೆಯಲ್ಲಿ ಬೇನೆ ಇನ್ನೂ ಇದೆ ಎಂದು ಬಂತಂತೆ. ಇನ್ನೂ ಆರು ತಿಂಗಳು ಎನ್ನುತ್ತಾರೆ. ಹಾಡುವ ಹುಡುಗಿ ಹೋದ ಸೋಮವಾರ ತೀರಿಕೊಂಡಳು. ಗೋಡೆಗೆ ಮುಖ ಮಾಡಿ ಮಲಗಿದ್ದವಳು ಗುಣವಾಗಿ, ಗಂಡನ ಜೊತೆ ಗಾಡಿ ಹತ್ತಿ ಮನೆಗೆ ಹೋದಳು. ನಾನು ತಿರುವುಮುರುವಾಗಿ ಎಣಿಸಿದ್ದೆ.

ಕೈಯಚ್ಚಿನ ಮೇಲೆ ಬಂದ ನಿಮ್ಮ ನಾಲ್ಕು ಕಾರ್ಡುಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ನಾಲ್ಕರಲ್ಲೂ ಸಾಬಮ್ಮ ಆರಾಮ, ಚುಕ್ಕಿ ಆರಾಮ. ನೀವು ಹೇಗಿದ್ದೀರಿ ಎಂದು ಒಂದರಲ್ಲೂ ಇಲ್ಲ. ಬೇರೆಯವರ ಮನೆಯವರು ಬೇಲಿಯ ಆಚೆ ನಿಂತು ಮಾತಾಡಿಸಿ ಹೋಗುತ್ತಾರೆ. ನನ್ನನ್ನು ನೋಡಲು ಹೆದರಿಕೆಯೆ? ಹಾಗಿದ್ದರೆ ಹಾಗೆಂದೇ ಬರೆಯಿರಿ. ನನಗೆ ಬೇಜಾರಿಲ್ಲ.

ಸಾಬಮ್ಮ ಎಲ್ಲದಕ್ಕೂ ಬಲಗೈ ಚಾಚುವ ಕೂಸು. ಎಡಗೈ ಏಕೆ ಕಳಿಸಿದಿರಿ ಎಂದು ಎಷ್ಟೋ ಸಲ ಕೇಳಬೇಕೆಂದುಕೊಂಡೆ. ಬೆಲ್ಲದ ಕೈಯನ್ನು ತೊಳೆಯಬಹುದಿತ್ತಲ್ಲ?

ಶಿವಕಾಂತಮ್ಮ


ವಾಡಿ
19 ಜನವರಿ 1967

ಭಂಕೂರಿನ ದೇವಿಂದ್ರಪ್ಪನವರ ಮನೆಯವರಾದ ಶಿವಕಾಂತಮ್ಮನವರಿಗೆ,

ವಾಡಿಯ ಜೈತುನ್‌ಬೀ ಹೇಳಿದ್ದನ್ನು ನಾನು, ಮಾಸ್ತರ ಮಡಿವಾಳಯ್ಯ, ಬರೆದುಕೊಡುತ್ತಿದ್ದೇನೆ. ಅವರು ಆಡಿದ ಹಾಗೆಯೇ ಬರೆಯಬೇಕೆಂದು ಹಟ ಹಿಡಿದಿದ್ದಾರೆ.

ಶಿವಕಾಂತವ್ವಾ, ನೀ ನನಗ ನೋಡಿಲ್ಲ, ನಾ ನಿನಗ ನೋಡಿಲ್ಲ. ನಮ್ಮ ಮನಿಯವ್ರು ಗನಿಸಾಬ, ಮೊದಲ ನಿಮ್ಮ ಯಜಮಾನ್ರ ಸಂಗಾಟ ಖಣ್ಯಾಗ ಕೆಲಸಾ ಮಾಡ್ತಿದ್ರು. ಹ್ವಾದ ಜುಲೈದಾಗ ನಿಮ್ಮ ಚುಕ್ಕೀಗ ನಾವೇ ತಗೊಂಡೀವಿ. ಆಕಿ ಇಲ್ಲಿ ಭಾಳ ಚಂದ ಇದ್ದಾಳ. ನಿನಗ ಅದರ ಫಿಕರ್ ಬ್ಯಾಡ.

ತರೂಮುಂದ ನಿಮ್ಮ ಯಜಮಾನ್ರು ಕೈ ಮುಗುದು ಹೇಳಿದ್ರಂತ, ‘ಈಕಿ ಯಾರಿಗೂ ಹಾಲ ಕೊಡಂಗಿಲ್ಲ, ಸಿಟ್ಟ ಮಾಡಬ್ಯಾಡ್ರಿ’ ಅಂತ. ಖರೇ ಹೇಳ್ತೀನಿ, ಎರಡನೇ ದಿನ ಮುಂಜಾನಿ ನಾ ಹಂಗೇ ಹೋಗಿ ಕುಂತೆ, ಆಕಿ ಹಾಲ ಬಿಟ್ಟಳು. ನಾ ಏನೂ ಮಾಡಿಲ್ಲ. ಹೆಣ್ಣಿನ ಕೈ ಅಂತ ಬಿಟ್ಟಳೇನೋ ಅಂದ್ರ, ಮುಂದ ನಮ್ಮ ಮನಿಯವ್ರು ಕುಂತ್ರೂ ಬಿಟ್ಟಳು. ರೈಲು ಸೀಟಿ ಹೊಡದ್ರೂ ಅಂಜಂಗಿಲ್ಲ. ಆದ್ರ ಯಾರರ ಜೋಳಾ ಕೇರಾಕ ಮರಾ ಎತ್ತಿದ್ರ ಸಾಕು, ಹಗ್ಗಾ ಹರಕೊಂಡು ಹೋಗ್ತಾಳ. ನಿಮ್ಮಲ್ಲಿ ಯಾರರ ಮರದಲೆ ಹೊಡದಿದ್ರೇನವ್ವ?

ಈಗ ಆಕಿ ಗಬ್ಬ ಇದ್ದಾಳ. ಈಯೂಮುಂದ ಹ್ಯಾಂಗ ಮಾಡ್ತಾಳ, ಹತ್ರ ಹೋಗಬೇಕೋ ದೂರ ನಿಂದ್ರಬೇಕೋ, ನಿನ್ನ ಬಿಟ್ರ ಯಾರಿಗೆ ಗೊತ್ತದ? ಅದಕ್ಕ ನಿಮ್ಮ ಊರವ್ರ ಕಡಿಂದ ವಿಳಾಸಾ ಕೇಳಿಕೊಂಡು ಬರಸಾಕತ್ತೀನಿ.

ನಿಮ್ಮ ಮಗಳ ಕೈಯಿನ ಎಲುಬು ನೆಟ್ಟಗ ಕೂಡ್ತೇನವ್ವ? ಐನಾಪುರದ ಅತ್ತಿ ಮನ್ಯಾಗ ಇಟ್ಟಾರ ಅಂತ ಕೇಳಿದ್ದೆ. ಆ ಕೂಸಿನ ಸಲುವಾಗಿ ದುವಾ ಮಾಡ್ತೀನಿ. ನೀ ಲಗು ಆರಾಮಾಗು.

ಜೈತುನ್‌ಬೀ


ಗುಡ್ಡದ ದವಾಖಾನೆ
26 ಜನವರಿ 1967

ವಾಡಿಯ ಜೈತುನ್‌ಬೀ ಪತ್ರ ಬರೆಸಿದ್ದಾರೆ.

ಸಾಬಮ್ಮನ ಕೈಗೆ ಏನಾಗಿದೆ?

ಶಿವಕಾಂತಮ್ಮ


ಭಂಕೂರ
4 ಫೆಬ್ರವರಿ 1967

ಸಾಬಮ್ಮನ ಅವ್ವನಿಗೆ,

ಕಾರ್ಡು ಬಂದು ನಾಲ್ಕು ದಿನವಾಯಿತು. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಇದನ್ನು ಹರಿಯುವುದಿಲ್ಲ.

ಜೂನ್ ಕೊನೆಯ ವಾರ, ನಿನ್ನ ಪತ್ರ ಬಂದ ಮಾರನೆಯ ದಿನ. ಬೆಳಗ್ಗೆ ಸ್ನಾನ ಮಾಡಿ ಹಸಿರು ಸೀರೆ ಉಟ್ಟೆ. ಸಾಬಮ್ಮ ಒಳಗೆ ಮಲಗಿದ್ದಳು, ಅವಳು ಏಳುವುದರೊಳಗೆ ಮುಗಿಸಬೇಕೆಂದಿದ್ದೆ. ನೀನು ಹೇಳಿದ ಹಾಗೆ ಎಡಕ್ಕೆ ಕೂತು, ಹಣೆ ಹಚ್ಚಿ ಸುಮ್ಮನಿದ್ದೆ. ಚುಕ್ಕಿ ಸೀರೆ ಮೂಸಿದಳು. ಅದು ಸುಳ್ಳಲ್ಲ. ಬಹಳ ಹೊತ್ತು ಮೂಸಿದಳು. ಅವಳ ಮೈ ಸಡಿಲಾಯಿತು, ನನಗೆ ಹಣೆಯಲ್ಲಿ ಗೊತ್ತಾಯಿತು. ಇನ್ನೇನು ಉಸಿರು ಬಿಡುತ್ತಾಳೆ ಎನ್ನುವಾಗ ಹಿಂದಿನಿಂದ ‘ಅವ್ವಾ!’ ಎಂದು ಕೂಗಿದ್ದು ಕೇಳಿತು.

ಸಾಬಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ತಿರುಗುವುದರೊಳಗೆ ‘ನಾಳಿ ಆತಲ್ಲಾ, ಬಂದಿಯಲ್ಲಾ ಅವ್ವಾ’ ಎನ್ನುತ್ತ ಓಡಿ ಬಂದು ಬೆನ್ನಿಗೆ ಬಿದ್ದಳು. ಚುಕ್ಕಿ ಬೆದರಿ ಒದ್ದಳು. ತಂಬಿಗೆ ಒಂದು ಕಡೆ, ಕೂಸು ಒಂದು ಕಡೆ ಬಿದ್ದವು. ಬಲಗೈ ಮೊಣಕೈಯಲ್ಲಿ ಮುರಿದಿತ್ತು.

ನಾನು ಎತ್ತಿಕೊಂಡೆ. ಅವಳು ಕೈಗಾಗಿ ಅಳಲಿಲ್ಲ, ಶಿವಕಾಂತಾ. ಸೆರಗಿನೊಳಗೆ ನನ್ನ ಮುಖ ನೋಡಿ ಅತ್ತಳು. ‘ನೀ ಅಲ್ಲ, ನೀ ಅಲ್ಲ’ ಎಂದು ಎಡಗೈಯಿಂದ ನನ್ನ ಬಾಯಿಗೆ ಹೊಡೆದಳು. ಆ ಸೀರೆಯಲ್ಲೇ ಅವಳನ್ನು ಎತ್ತಿಕೊಂಡು ಎಲುಬು ಕೂಡಿಸುವವನ ಮನೆಯವರೆಗೆ ಓಡಿದೆ. ದಾರಿಯಲ್ಲಿ ಯಾರೂ ನಗಲಿಲ್ಲ.

ಬಿದಿರು ಕಟ್ಟಿ ಕೂಡಿಸಿದರು. ಸೊಟ್ಟ ಕೂತಿದೆ. ಊಟಕ್ಕೆ, ಮುಂದೆ ಬರೆಯುವುದಕ್ಕೆ ತೊಂದರೆ ಇಲ್ಲ. ಹೆಗಲಿಗೆ ಮುಟ್ಟುವುದಿಲ್ಲ, ತನ್ನ ತಲೆ ತಾನು ಬಾಚಿಕೊಳ್ಳಲಾರಳು. ಆ ದಿನದಿಂದ ಅವಳು ನನ್ನ ಕೂಡ ಮಾತಾಡಲಿಲ್ಲ. ಹತ್ತಿರ ಹೋದರೆ ಗೋಡೆಗೆ ಸರಿಯುತ್ತಿದ್ದಳು. ಕೊಟ್ಟಿಗೆಯಲ್ಲಿ ಚುಕ್ಕಿ, ಒಳಗೆ ಇವಳು, ಇಬ್ಬರೂ ಮುಖ ತಿರುಗಿಸಿದವರೇ. ಚುಕ್ಕಿಯ ಕೆಚ್ಚಲು ಸುಡುತ್ತಿತ್ತು. ಗನಿಸಾಬ ‘ನಮ್ಮಲ್ಲಿ ಒಯ್ದು ನೋಡ್ತೀನಿ, ಉಳದ್ರ ಉಳೀತು’ ಅಂದಾಗ ಹಗ್ಗ ಕೊಟ್ಟುಬಿಟ್ಟೆ. ಅರಿಶಿನದ ಕೈ ಒತ್ತಿಸಿದ ವಾರವೇ ಅಕ್ಕ ಸುಂದರಬಾಯಿ ಬಂದು ಸಾಬಮ್ಮನನ್ನು ಐನಾಪುರಕ್ಕೆ ಕರೆದುಕೊಂಡು ಹೋದಳು. ಅಕ್ಕನಿಗೆ ಮಕ್ಕಳಿಲ್ಲ, ಪ್ರೀತಿಯಿಂದ ನೋಡುತ್ತಾಳೆ.

ಇನ್ನೊಂದು ಇದೆ. ಅದನ್ನೂ ಬರೆದೇ ಮುಗಿಸುತ್ತೇನೆ. ದೀಪಾವಳಿಗೆ ನಾನು ಐನಾಪುರಕ್ಕೆ ಹೋಗಿದ್ದೆ. ಸಾಬಮ್ಮ ಅಕ್ಕನನ್ನು ಅವ್ವ ಎಂದು ಕರೆಯುತ್ತಾಳೆ. ಯಾರೂ ಕಲಿಸಿಲ್ಲವಂತೆ. ಒಂದು ತಿಂಗಳಲ್ಲಿ ತಾನಾಗಿಯೇ ಕರೆದಳಂತೆ.

ನಿನ್ನನ್ನು ಬಿಟ್ಟು ಬದುಕಲಾರವು ಎಂದು ನಾನು ಎಣಿಸಿದ್ದ ಎರಡು ಜೀವಗಳೂ ಬೇರೆ ಮನೆಯಲ್ಲಿ ಹೊಂದಿಕೊಂಡವು. ಯಾರು ಬಂದರೂ ಯಾರು ಹೋದರೂ ಒಂದೇ ಎಂದು ನಾನು ಅಂದಿದ್ದ ಗಂಗಿ, ಚುಕ್ಕಿಯನ್ನು ಒಯ್ದ ದಿನದಿಂದ ಮೂರು ದಿನ ಒದರಿದಳು. ಮೇವು ಬಿಟ್ಟಳು. ಹಾಲು ಬತ್ತಿತು. ಈಗಲೂ ಚುಕ್ಕಿಯ ಗೂಟದ ಕಡೆಗೇ ನಿಲ್ಲುತ್ತಾಳೆ. ಹನ್ನೊಂದು ವರ್ಷ ನಮ್ಮ ಕೊಟ್ಟಿಗೆಯಲ್ಲಿದ್ದ ಎಮ್ಮೆ. ಅವಳ ಗುಣವೂ ನನಗೆ ಗೊತ್ತಿರಲಿಲ್ಲ.

ಚಿಂತೆ ಹಚ್ಚಿದರೆ ಬೇನೆ ಏರುತ್ತದೆ ಎಂದು ಡಾಕ್ಟರು ಹೇಳಿದ್ದಕ್ಕೆ ಮುಚ್ಚಿಟ್ಟೆ ಎಂದು ಬರೆಯಬಹುದು. ಅದು ಅರ್ಧ ಮಾತ್ರ ಖರೆ. ಸೆಪ್ಟೆಂಬರದಲ್ಲಿ ಒಮ್ಮೆ ನಿನ್ನ ಗುಡ್ಡದ ಕೆಳಗಿನವರೆಗೂ ಬಂದಿದ್ದೆ. ಬೇಲಿ ಕಾಣುತ್ತಿತ್ತು. ಚುಕ್ಕಿ ಹ್ಯಾಂಗಿದ್ದಾಳ ಎಂದು ನೀನು ಕೇಳಿದರೆ ನಿನ್ನ ಮುಖ ನೋಡಿ ಸುಳ್ಳು ಹೇಳಲು ಆಗುವುದಿಲ್ಲ ಎಂದು ಅಲ್ಲಿಂದಲೇ ತಿರುಗಿದೆ.

ನಿನ್ನನ್ನು ನೋಡಲು ಹೆದರಿಕೆ ಇತ್ತು. ನೀನು ಎಣಿಸಿದ ಹೆದರಿಕೆ ಅಲ್ಲ.

ದೇವಿಂದ್ರಪ್ಪ


ಗುಡ್ಡದ ದವಾಖಾನೆ
20 ಫೆಬ್ರವರಿ 1967

ವಾಡಿಯ ಜೈತುನ್‌ಬೀ ಅವರಿಗೆ ಶಿವಕಾಂತಮ್ಮನ ನಮಸ್ಕಾರ.

ನಿಮ್ಮ ಪತ್ರಕ್ಕೆ ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಈಯುವಾಗ ಚುಕ್ಕಿಯ ಹತ್ತಿರ ಹೋಗಬೇಡಿ, ಆದರೆ ಅವಳಿಗೆ ಕಾಣುವ ಹಾಗೆ ಇರಿ. ಕಾಣದಿದ್ದರೆ ಎದ್ದು ಹುಡುಕುತ್ತಾಳೆ. ಹೋದ ಸಲ ಕರುವನ್ನು ನೆಕ್ಕದೆ ಬಿಟ್ಟಿದ್ದಳು, ಅದು ಉಳಿಯಲಿಲ್ಲ. ಕರುವಿನ ಮೈಗೆ ಸ್ವಲ್ಪ ಉಪ್ಪು ಸವರಿರಿ, ಆಗ ನೆಕ್ಕುತ್ತಾಳೆ.

ಕಾಳು ಕೇರುವ ಮರದ ವಿಷಯ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಅವಳನ್ನು ಯಾರೂ ಮರದಿಂದ ಹೊಡೆದಿಲ್ಲ. ಹುಟ್ಟಿದ ಎಂಟು ದಿನಕ್ಕೇ ಮರ ಎತ್ತಿದರೆ ನಡುಗುತ್ತಿದ್ದಳು. ಜೊತೆಗಿದ್ದ ಗಂಗಿ ಅದೇ ಮರದಲ್ಲಿಟ್ಟ ಕಾಳು ತಿನ್ನುತ್ತಿದ್ದಳು. ಯಾಕೆಂದು ನನಗೂ ಗೊತ್ತಿಲ್ಲ. ಮುಂಚೆ ಗೊತ್ತಿದೆ ಅಂದುಕೊಂಡಿದ್ದೆ.

ಅವಳು ನಿಮ್ಮಲ್ಲಿ ಚೆನ್ನಾಗಿರುವುದು ನನಗೆ ಸಂತೋಷ. ಈ ಒಂದು ಸಾಲು ಬರೆಯಲು ನನಗೆ ಇಷ್ಟು ದಿನ ಹಿಡಿಯಿತು.

ಶಿವಕಾಂತಮ್ಮ


ಗುಡ್ಡದ ದವಾಖಾನೆ
28 ಫೆಬ್ರವರಿ 1967

ಸಾಬಮ್ಮನ ಅಪ್ಪನವರಿಗೆ,

ನಿಮ್ಮ ಮೇಲೆ ಸಿಟ್ಟು ಮಾಡಬೇಕೆಂದು ದಿನಾ ಬೆಳಗ್ಗೆ ಎಣಿಸುತ್ತೇನೆ. ಸಂಜೆಯ ಹೊತ್ತಿಗೆ ಸೀರೆ ಉಡಿ ಎಂದು ಬರೆದವಳು ನಾನೇ ಎಂದು ನೆನಪಾಗುತ್ತದೆ. ನಾಳೆ ಬರುತ್ತೇನೆ ಎಂದು ಹೇಳಿ ಬಂದವಳೂ ನಾನೇ. ಆ ಕೂಸು ಆ ಮಾತು ನಂಬಿಕೊಂಡು ಓಡಿ ಬಂತು.

ಚುಕ್ಕಿ ಬೇರೆ ಕೈಗೆ ಹಾಲು ಬಿಟ್ಟಳೆಂದು ಜುಲೈಯಲ್ಲೇ ತಿಳಿಸಿದ್ದರೆ ನಾನು ಅತ್ತಿರುತ್ತಿದ್ದೆ, ಆಮೇಲೆ ಸುಮ್ಮನಾಗಿರುತ್ತಿದ್ದೆ. ನೀವು ಆರು ತಿಂಗಳು ಅವಳನ್ನು ನನ್ನ ಸಲುವಾಗಿ ಬಾಗಿಲು ನೋಡುತ್ತ ನಿಲ್ಲಿಸಿದಿರಿ. ಆ ಎಮ್ಮೆ ಅಲ್ಲಿ ಇರಲೇ ಇಲ್ಲ. ಇಲ್ಲದ ಎಮ್ಮೆಗಾಗಿ ಗುಳಿಗೆ ನುಂಗಿದೆ. ಗುಳಿಗೆಗೆ ಅದೇನೂ ಗೊತ್ತಾಗಲಿಲ್ಲವೆಂದು ಕಾಣುತ್ತದೆ. ಈ ತಿಂಗಳ ಪರೀಕ್ಷೆಯಲ್ಲಿ ಬೇನೆ ಇಲ್ಲ ಎಂದು ಬಂದಿದೆ.

ಗಂಗಿಗೆ ಹತ್ತಿಕಾಳು ನೆನೆಸಿ ಹಾಕಿರಿ. ಅವಳ ಹತ್ತಿರ ಸ್ವಲ್ಪ ಹೊತ್ತು ಕೂತಿರಿ. ನಾನು ಅವಳ ಹತ್ತಿರ ಎಂದೂ ಕೂತವಳಲ್ಲ. ಕರೆದದ್ದು, ಎದ್ದದ್ದು. ಅವಳು ಏನೂ ಬೇಡಲಿಲ್ಲ ಎಂದು ಏನೂ ಕೊಡಲಿಲ್ಲ.

ಶಿವಕಾಂತಮ್ಮ


ಐನಾಪುರ
11 ಜುಲೈ 1967

ಸಾಬಮ್ಮನ ಅಪ್ಪನವರಿಗೆ ಶರಣು.

ದವಾಖಾನೆಯಿಂದ ಬಿಡಿಸಿಕೊಂಡು ನೀವು ನನ್ನನ್ನು ಇಲ್ಲಿ ಬಿಟ್ಟು ಹೋಗಿ ಹನ್ನೆರಡು ದಿನವಾಯಿತು. ಇನ್ನೂ ಒಂದು ವರ್ಷ ಕೂಸಿನ ಜೊತೆ ಒಂದೇ ಹಾಸಿಗೆ ಬೇಡ, ಒಂದೇ ತಾಟು ಬೇಡ, ಮುಖಕ್ಕೆ ಮುಖ ಹಚ್ಚುವುದು ಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀವೂ ಕೇಳಿದ್ದಿರಿ. ನಾನು ಪಡಸಾಲೆಯಲ್ಲಿ ಮಲಗುತ್ತೇನೆ. ಸಾಬಮ್ಮ ಒಳಗೆ ಸುಂದರಕ್ಕನ ಪಕ್ಕದಲ್ಲಿ.

ನೀವು ಹೋದ ಮೇಲೆ ಅವಳು ಕಂಬದ ಮರೆಯಲ್ಲಿ ನಿಂತು ನನ್ನನ್ನು ನೋಡಿದಳು. ‘ಸಾಬವ್ವಾ, ನಾ ಯಾರು ಗೊತ್ತದೇನ?’ ಎಂದು ಕೇಳಿದೆ. ‘ಗೊತ್ತದ. ಭಂಕೂರದ ಅವ್ವ’ ಎಂದಳು. ಎಷ್ಟು ಸರಿಯಾಗಿ ಹೇಳಿದಳು ನೋಡಿ. ಸುಂದರಕ್ಕ ‘ಹೋಗವ್ವ, ಅವ್ವನ ಹತ್ರ ಹೋಗು’ ಎಂದು ನೂಕಿದಳು. ಬಂದಳು. ಕೈ ತೋರಿಸು ಎಂದರೆ ತೋರಿಸಿದಳು. ಮೊಣಕೈ ಸೊಟ್ಟಗಿದೆ. ಮುಟ್ಟಿದರೆ ನೋಯುವುದಿಲ್ಲವಂತೆ. ನೋಯುತ್ತದೆ ಎಂದಿದ್ದರೆ ನನಗೆ ಮಾಡಲು ಏನಾದರೂ ಇರುತ್ತಿತ್ತು.

ದಿನಾ ಬೆಳಗ್ಗೆ ಸುಂದರಕ್ಕ ಅವಳ ತಲೆ ಬಾಚುತ್ತಾಳೆ. ಕೂಸು ಕಣ್ಣು ಮುಚ್ಚಿ ಕೂತಿರುತ್ತದೆ. ಒಂದು ದಿನ ನಾನು ಬಾಚುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ಬಂದು ಕೂತಳು, ಕಣ್ಣು ತೆರೆದೇ ಕೂತಳು, ಹೆಣೆದು ಮುಗಿಸಿದ ಕೂಡಲೇ ಎದ್ದು ಹೋದಳು. ಅದರ ಮರುದಿನ ನಾನು ಕೇಳಲಿಲ್ಲ.

ಸುಂದರಕ್ಕ ನನ್ನ ಮುಂದೆ ಏನೂ ಅನ್ನುವುದಿಲ್ಲ. ಸಾಬಮ್ಮನ ಅರಿವೆಗಳನ್ನೆಲ್ಲ ಮಡಚಿ ಗಂಟು ಕಟ್ಟಿ ಇಟ್ಟಿದ್ದಾಳೆ, ಯಾವತ್ತು ಒಯ್ದರೂ ಒಯ್ಯಲಿ ಎಂದು. ನಿನ್ನೆ ಹಿತ್ತಲಿಗೆ ಹೋದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು. ನನ್ನನ್ನು ನೋಡಿ ‘ಒಲಿ ಹೊಗಿ ಕಣ್ಣಾಗ ಹೋತು’ ಎಂದಳು. ಹಿತ್ತಲಿನಲ್ಲಿ ಒಲೆ ಇಲ್ಲ.

ನಾನೂ ಅವಳ ಪಕ್ಕದಲ್ಲಿ ಕೂತೆ. ‘ನನ್ನ ಮನ್ಯಾಗ ಇನ್ನೊಂದು ವರ್ಷ ಆಕಿನ್ನ ಎದಿಗಿ ಹಚ್ಚಿಕೊಳ್ಳಾಕ ಬರಂಗಿಲ್ಲಕ್ಕ. ಇಲ್ಲೇ ಸಾಲಿಗೆ ಹಾಕು’ ಎಂದೆ. ಸುಂದರಕ್ಕ ನನ್ನ ಕೈ ಹಿಡಿದುಕೊಂಡಳು. ‘ಒಂದು ವರ್ಷ ಅಷ್ಟೇನ?’ ಎಂದು ಕೇಳಿದಳು. ನಾನು ಎದ್ದು ಒಳಗೆ ಹೋಗಿ ಆ ಗಂಟು ಬಿಚ್ಚಿದೆ.

ನೀವು ಬೇಡ ಎನ್ನಬಹುದು. ಕಾನೂನಿನ ಪ್ರಕಾರ, ಊರಿನ ಪ್ರಕಾರ ಕೂಸು ನಮ್ಮದು, ಎತ್ತಿಕೊಂಡು ಬಂದರೆ ಯಾರೂ ತಡೆಯುವುದಿಲ್ಲ. ಆದರೆ ಅವಳನ್ನು ಒಮ್ಮೆ ಒಬ್ಬ ಅವ್ವನಿಂದ ಬಿಡಿಸಿದ್ದೇವೆ. ಇನ್ನೊಮ್ಮೆ ಬಿಡಿಸಿದರೆ ಹೇಗೆ ತಾಳುತ್ತಾಳೆ ಎಂದು ಹೇಳಲು ಅವಳ ಗುಣ ನನಗೆ ಗೊತ್ತಿರಬೇಕಲ್ಲ? ಗೊತ್ತಿಲ್ಲ.

ಇವತ್ತು ಬೆಳಗ್ಗೆ, ಗುರುವಾರ ಹೋಗುತ್ತೇನೆ ಎಂದು ಅವಳಿಗೆ ಹೇಳಿದೆ. ನಾಳೆ ಬರುತ್ತೇನೆ ಎನ್ನಲಿಲ್ಲ, ಯಾವತ್ತು ಬರುತ್ತೇನೆ ಎಂದೂ ಹೇಳಲಿಲ್ಲ. ಅವಳು ಆಡುತ್ತಿದ್ದ ಗಜ್ಜುಗಗಳನ್ನು ಕೆಳಗಿಟ್ಟು ಎದ್ದು ನಿಂತಳು. ಮನೆಗೆ ಬಂದ ಬಳಗದವರು ಹೊರಟಾಗ ಹೇಗೆ ಹೇಳಬೇಕೆಂದು ಸುಂದರಕ್ಕ ಬಹಳ ಚೆನ್ನಾಗಿ ಕಲಿಸಿದ್ದಾಳೆ. ಸೊಟ್ಟ ಕೈಯನ್ನೂ ಸೇರಿಸಿ, ಎರಡೂ ಕೈ ಜೋಡಿಸಿ, ‘ಹೋಗಿ ಬರ್ರಿ’ ಎಂದಳು.

ನಮ್ಮ ಕಡೆ ಯಾವ ಕೂಸೂ ಹೆತ್ತವ್ವನಿಗೆ ‘ರಿ’ ಹಚ್ಚಿ ಮಾತಾಡುವುದಿಲ್ಲ.

ಗುರುವಾರ ಚಿಂಚೋಳಿಯ ಬಸ್ಸಿಗೆ ಹೊರಡುತ್ತೇನೆ. ನೀವು ನಿಲ್ದಾಣಕ್ಕೆ ಬನ್ನಿ. ಎತ್ತಿಕೊಳ್ಳುವುದು ಏನೂ ಇರುವುದಿಲ್ಲ, ನಾನೊಬ್ಬಳೇ. ಆದರೂ ಬನ್ನಿ.

ನಿಮ್ಮ
ಶಿವಕಾಂತಮ್ಮ